ನಾಯಕ ಯಾರು? ನಗೆ ಯಾರ ಮೇಲೆ?



ರಾತ್ರಿ ಧಾರಾವಾಹಿ ನೋಡಿ, ಬೆಳಿಗ್ಗೆ ಬಸ್ಸಿನಲ್ಲೋ ತರಗತಿಯ ಬೆಂಚಿನಲ್ಲೋ ಗೆಳೆಯರ ಜೊತೆ ನೀವು ಏನು ಮಾತಾಡಿಕೊಳ್ಳುತ್ತೀರಿ? "ತಪ್ಪೆಲ್ಲ ಅವನದೇ, ಆದರೂ ಅವನನ್ನೇ ದೊಡ್ಡ ಮನುಷ್ಯನನ್ನಾಗಿ ತೋರಿಸಿಬಿಟ್ಟರು." "ಆ ಆಳು ಬಾಯಿ ಬಿಟ್ಟರೆ ಸಾಕು, ನಗು ತಡೆಯೋಕೇ ಆಗಲ್ಲ." ದೊಡ್ಡವರು ಇದನ್ನು ಹರಟೆ ಎಂದು ತಳ್ಳಿಹಾಕುತ್ತಾರೆ. ಆದರೆ ಈ ಹರಟೆಯೊಳಗೆ ಎರಡು ಗಟ್ಟಿ ಪ್ರಶ್ನೆಗಳು ಅಡಗಿವೆ. ಈ ಕಥೆಯಲ್ಲಿ ನಾಯಕ ಯಾರು? ಇಲ್ಲಿ ನಗೆ ಯಾರ ಮೇಲೆ? ಹಳೆಯ ಚಿತ್ರವನ್ನೋ ಬರಹವನ್ನೋ ಮುಂದಿಟ್ಟುಕೊಂಡ ಇತಿಹಾಸಕಾರನೂ ಕೇಳುವುದು ಇದನ್ನೇ. ಧಾರಾವಾಹಿಗಳ ಅಭಿಮಾನಿಗಳಲ್ಲಿ ನಾನೂ ಒಬ್ಬ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಈ ಎರಡು ಪ್ರಶ್ನೆಗಳನ್ನು ಹಿಡಿದು ಒಂದು ಸುತ್ತು ಬರೋಣ, ಬನ್ನಿ.

ಮೊದಲು ಶ್ರೀರಂಗಪಟ್ಟಣ. ಚಿಕ್ಕದೇವರಾಜ ಒಡೆಯರು (1673–1704) ಇಲ್ಲಿಂದ ಆಳುತ್ತಿದ್ದ ಕಾಲದಲ್ಲಿ ಅವರ ಆಸ್ಥಾನದ ಸಿಂಗರಾರ್ಯ 'ಮಿತ್ರವಿಂದಾಗೋವಿಂದ' ಎಂಬ ನಾಟಕ ಬರೆದ. ದೊರೆತಿರುವ ಕನ್ನಡ ನಾಟಕಗಳಲ್ಲಿ ಇದೇ ಮೊದಲನೆಯದು. ಇದಕ್ಕೆ ಮೂಲ ಶ್ರೀಹರ್ಷನ ಸಂಸ್ಕೃತ ನಾಟಕ 'ರತ್ನಾವಳಿ'. ಆ ಮೂಲದ ಕಥೆ ಕೇಳಿ. ರಾಜಕುಮಾರಿಯೊಬ್ಬಳು ದಾಸಿಯಾಗಿ ಅರಮನೆಯಲ್ಲಿದ್ದಾಳೆ. ಅವಳು ಗೆಳತಿಯೊಡನೆ ಆಡಿದ ಗುಟ್ಟನ್ನು ಪಂಜರದಿಂದ ತಪ್ಪಿಸಿಕೊಂಡ ಹೆಣ್ಣು ಗೊರವಂಕ ಹಾಗೆಯೇ ಒಪ್ಪಿಸುತ್ತದೆ. ಅರಸನೂ ವಿದೂಷಕನೂ ಕೇಳಿಸಿಕೊಳ್ಳುತ್ತಾರೆ. ಮುಂದೆ ಅವಳು ರಾಣಿಯ ವೇಷದಲ್ಲಿ ಬರುವಳೆಂದು ಅರಸ ಕಾದಿದ್ದರೆ, ಬಂದವಳು ನಿಜವಾದ ರಾಣಿ! ಇಂದಿನ ಹಾಸ್ಯ ಧಾರಾವಾಹಿಯಲ್ಲಿ ನೀವು ಕಾಣುವುದೂ ಇದನ್ನೇ ಅಲ್ಲವೇ? ಬಾಗಿಲ ಮರೆಯಲ್ಲಿ ಕೇಳಿಸಿಕೊಂಡ ಮಾತು, ಅದಲುಬದಲಾದ ಗುರುತು, ಸಿಕ್ಕಿಬಿದ್ದ ಯಜಮಾನ. ಗೊರವಂಕದ ಜಾಗಕ್ಕೆ ಈಗ ಮೊಬೈಲ್ ಫೋನ್ ಬಂದಿದೆ, ಅಷ್ಟೆ. ಆ ಕಥೆಯಲ್ಲಿ ಪೇಚಿಗೆ ಸಿಲುಕುವವನು ಅರಸನೇ ಎಂಬುದನ್ನು ನೆನಪಿಡಿ.

ಇದೇ ಊರಿನಲ್ಲಿ ಸುಮಾರು ನೂರು ವರ್ಷಗಳ ನಂತರ ಇನ್ನೊಂದು ಬಗೆಯ ಕಥೆ ಗೋಡೆಯ ಮೇಲೆ ಮೂಡಿತು. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯನ್ನು ನೋಡಿ. 1780ರ ಸೆಪ್ಟೆಂಬರ್ 10ರಂದು ಹೈದರ್ ಮತ್ತು ಟಿಪ್ಪು ಪೊಲ್ಲಿಲೂರಿನಲ್ಲಿ ಇಂಗ್ಲಿಷರನ್ನು ಸೋಲಿಸಿದ ಯುದ್ಧ ಅಲ್ಲಿದೆ. ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೇಲಿ, ಸುತ್ತ ಚೌಕ ಕಟ್ಟಿ ನಿಂತ ಅವನ ಸೈನ್ಯ, ಮೇಲುಗಡೆ ಸಿಡಿಯುತ್ತಿರುವ ಮದ್ದಿನ ಬಂಡಿ. ಒಂದು ಕಡೆ ನಿಜಾಮನ ಸೈನ್ಯ. ಅದರ ಬಳಿ ಹಸು, ಹಂದಿಗಳ ಚಿತ್ರ. ನಿಜಾಮನನ್ನು ಅಣಕಿಸುವುದಕ್ಕೇ ಹೀಗೆ ಬರೆದರೆಂದು ಹೇಳುತ್ತಾರೆ. ಇಲ್ಲಿ ನಾಯಕರು ಹೈದರ್ ಮತ್ತು ಟಿಪ್ಪು. ನಗೆ ನಿಜಾಮನ ಮೇಲೆ. ಗೋಡೆ ಯಾರದೋ, ಕಥೆಯೂ ಅವರದೇ.

ಇನ್ನೂ ಒಂದು ಮಾತಿದೆ. ನಾವು ಈಗ ಕಾಣುವ ಚಿತ್ರ ಪೂರ್ತಿಯಾಗಿ ಟಿಪ್ಪು ಕಂಡ ಚಿತ್ರವಲ್ಲ. 1799ರ ನಂತರ ಈ ಮನೆಯಲ್ಲಿ ವಾಸವಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಕೆಟ್ಟಿದ್ದ ಚಿತ್ರಗಳನ್ನು ಸರಿಪಡಿಸಿದ. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದಂತೆ ಅವನ್ನು ಮತ್ತೆ ಬರೆಸಲಾಯಿತು. ಸೋತವರ ಕಡೆಯವರೇ ತಮ್ಮ ಸೋಲಿನ ಚಿತ್ರವನ್ನು ಉಳಿಸಿದ್ದು ವಿಚಿತ್ರವಾದರೂ ನಿಜ.

ಈಗ ಇದೇ ಕೋಟೆಯನ್ನು ಲಂಡನ್ನಿನಿಂದ ನೋಡೋಣ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದ. ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಚಿತ್ರಕಾರ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಸುಮಾರು 120 ಅಡಿ ಉದ್ದದ ಬಾಗಿದ ಪರದೆಯ ಮೇಲೆ ಬರೆದು ಲೈಸಿಯಂ ರಂಗಮಂದಿರದಲ್ಲಿಟ್ಟ. ಜನ ಹಣ ಕೊಟ್ಟು ಒಳಗೆ ಹೋಗಿ ನೋಡಿದರು. ಪೋರ್ಟರ್ ಭಾರತವನ್ನು ಕಂಡವನೇ ಅಲ್ಲ. ಮುತ್ತಿಗೆಯ ಮುಂದಾಳು ಬೇರ್ಡ್, ಪೊಲ್ಲಿಲೂರಿನಲ್ಲಿ ಸೆರೆಸಿಕ್ಕು ಇದೇ ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಬಂಧಿಯಾಗಿದ್ದವನು. ಗೋಡೆಯ ಕಥೆಯಲ್ಲಿ ಸೋತ ಕಡೆಯವನು ಪರದೆಯ ಕಥೆಯಲ್ಲಿ ಗೆದ್ದ ನಾಯಕನಾದ. ಊರು ಅದೇ, ಕೋಟೆ ಅದೇ. ಬದಲಾದದ್ದು ನೋಡುವ ಜನ.

ಮೂರನೆಯ ಪರದೆ ದೂರದರ್ಶನದ್ದು. ಭಗವಾನ್ ಗಿದ್ವಾನಿ 1976ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆಧರಿಸಿ ಸಂಜಯ್ ಖಾನ್ ತಯಾರಿಸಿದ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' 1990ರಲ್ಲಿ ರಾಷ್ಟ್ರೀಯ ಜಾಲದಲ್ಲಿ ಆರಂಭವಾಯಿತು. ಇಲ್ಲಿ ಟಿಪ್ಪು ಮತ್ತೆ ನಾಯಕ. ಪ್ರಸಾರಕ್ಕೆ ವಿರೋಧ ಬಂತು, ವಿವಾದ ನ್ಯಾಯಾಲಯಕ್ಕೂ ಹೋಯಿತು. ಇದು ಕಾದಂಬರಿಯಿಂದ ಬಂದ ಕಲ್ಪಿತ ಕಥೆ ಎಂಬ ಪ್ರಕಟಣೆಯನ್ನು ಧಾರಾವಾಹಿಯ ಜೊತೆ ತೋರಿಸಬೇಕಾಯಿತು. ಪರದೆಯ ಮೇಲೆ ಕೆಲವೇ ಕ್ಷಣ ನಿಲ್ಲುವ ಇಂಥ ಸಾಲುಗಳನ್ನು ನಾವು ಓದುತ್ತೇವೆಯೇ? ಹೆಚ್ಚಿನವರು ಆಗ ನೀರು ಕುಡಿಯಲು ಎದ್ದುಹೋಗಿರುತ್ತೇವೆ. ಕಥೆಯನ್ನು ಕಥೆಯಾಗಿ, ಇತಿಹಾಸವನ್ನು ಇತಿಹಾಸವಾಗಿ ನೋಡಲು ಕಲಿಸುವ ಮೊದಲ ಪಾಠ ಆ ಸಾಲಿನಲ್ಲೇ ಇದೆ.

ಈ ಧಾರಾವಾಹಿಯ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಪ್ರಸಾರಕ್ಕೆ ಒಂದು ವರ್ಷ ಮೊದಲು, 1989ರ ಫೆಬ್ರವರಿ 8ರಂದು, ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಚಿತ್ರೀಕರಣದ ವೇಳೆ ಬೆಂಕಿ ಹೊತ್ತಿಕೊಂಡಿತು. 62 ಜನ ಸತ್ತರು. ಸಂಜಯ್ ಖಾನ್ ತೀವ್ರವಾಗಿ ಸುಟ್ಟುಕೊಂಡು ಬಹುಕಾಲ ಆಸ್ಪತ್ರೆಯಲ್ಲಿದ್ದರು. ಸತ್ತವರಲ್ಲಿ ಹೆಚ್ಚಿನವರ ಹೆಸರು ನಮಗೆ ತಿಳಿಯದು. ನಾಯಕ ಯಾರು ಎಂದು ಕೇಳುವಾಗ ಹೆಸರಿಲ್ಲದೆ ದುಡಿದವರನ್ನೂ ನೆನೆಯಬೇಕು. ಯುದ್ಧದ ಇತಿಹಾಸಕ್ಕೂ ಈ ಮಾತು ಸಲ್ಲುತ್ತದೆ. ದರಿಯಾ ದೌಲತ್‌ನ ಗೋಡೆಯ ಮೇಲೆ ಸಾಲುಸಾಲಾಗಿ ನಿಂತ ಸಿಪಾಯಿಗಳಿಗೂ ಹೆಸರಿಲ್ಲ.

ಶ್ರೀರಂಗಪಟ್ಟಣದಿಂದ ಉತ್ತರಕ್ಕೆ ಹೊರಟರೆ ಪಾಂಡವಪುರ. ಹಿಂದೆ ಇದು ಹಿರೋಡೆ. ಹೈದರ್, ಟಿಪ್ಪು ಅವರ ಸೇವೆಯಲ್ಲಿದ್ದ ಫ್ರೆಂಚ್ ಪಡೆ ಇಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್ ಆಯಿತು. ಈಗಿನ ಹೆಸರು ಪಾಂಡವರದು. ಅವರು ತಾಯಿಯೊಡನೆ ಇಲ್ಲಿದ್ದರೆಂದು ಕುಂತಿಬೆಟ್ಟದ ಐತಿಹ್ಯ ಹೇಳುತ್ತದೆ. 1988ರ ಅಕ್ಟೋಬರ್ 2ರಿಂದ 1990ರ ಜೂನ್ 24ರವರೆಗೆ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ 'ಮಹಾಭಾರತ' 94 ಕಂತುಗಳಲ್ಲಿ ಬಂತು. ಒಂದು ಟಿ.ವಿ. ಇದ್ದ ಮನೆಗೆ ಕೇರಿಯೇ ಸೇರುತ್ತಿದ್ದ ಕಾಲ ಅದು. ಮಾತೆಲ್ಲ ಹಿಂದಿ, ಅದೂ ಸಂಸ್ಕೃತ ಬೆರೆತ ಹಿಂದಿ. ಹಿಂದಿಯ ಗಂಧವಿಲ್ಲದ ಅಜ್ಜಿಯಂದಿರಿಗೆ ಅದು ಹೇಗೆ ಅರ್ಥವಾಯಿತು?

ನನಗೆ ತೋಚುವ ಉತ್ತರ ಇದು. ಈ ಸೀಮೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕ ಮನೆಮಾತು. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ಕಲಿತು, ಸೀನರಿ ಬಾಡಿಗೆಗೆ ತಂದು, ರಾತ್ರಿಯಿಡೀ ಆಡುತ್ತಾರೆ. ಇಲ್ಲಿ ನಟರಿಗೆ ಸಂಬಳವಿಲ್ಲ. ನಟರೇ ಕೈಯಿಂದ ದುಡ್ಡು ಹಾಕಿ ಪಾತ್ರ ಪಡೆಯುತ್ತಾರೆ. ದುರ್ಯೋಧನನ ಪಾತ್ರಕ್ಕಂತೂ ಬಲು ಬೇಡಿಕೆ. ಧಾರಾವಾಹಿ ಬರುವ ಮೊದಲೇ ಕಥೆ ಈ ಜನರ ಕಿವಿಯಲ್ಲಿತ್ತು. ಧಾರಾವಾಹಿಯಲ್ಲಿ ಖಳನಾದ ದುರ್ಯೋಧನ ಇಲ್ಲಿ ಹಣ ತೆತ್ತಾದರೂ ಆಗಬೇಕೆನಿಸುವ ವೀರ. ನಾಯಕ ಯಾರು ಎಂಬ ಪ್ರಶ್ನೆಗೆ ನಮ್ಮ ರೈತರು ತಮ್ಮದೇ ಉತ್ತರ ಇಟ್ಟುಕೊಂಡಿದ್ದರು ನೋಡಿ.

ಎರಡನೆಯ ಪ್ರಶ್ನೆಗೆ, ಅಂದರೆ ನಗೆಯ ಪ್ರಶ್ನೆಗೆ, ಕೆ.ಆರ್. ಪೇಟೆ ತಾಲ್ಲೂಕಿಗೆ ಹೋಗಬೇಕು. ಅಲ್ಲಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು ನಗೆಬೆರೆತ ಪ್ರಬಂಧಗಳಿಗೆ ಹೆಸರಾದವರು. ಫ್ರಾನ್ಸಿನ ಮೋಲಿಯರ್ ಬರೆದ 'ತಾರ್ತುಫ್' ನಾಟಕವನ್ನು ಅವರು 'ಆಷಾಢಭೂತಿ' ಎಂದು ಕನ್ನಡಕ್ಕೆ ತಂದರು. ಮೋಲಿಯರನ ನಾಟಕದಲ್ಲಿ ಭಕ್ತನ ಸೋಗು ಹಾಕಿದ ಕಪಟಿಯೊಬ್ಬ ಒಂದು ಮನೆಯನ್ನು ಹೊಕ್ಕು ಯಜಮಾನನ ಕಣ್ಣಿಗೆ ಮಣ್ಣೆರಚುತ್ತಾನೆ. ಅವನ ಬಣ್ಣ ಮೊದಲೇ ಗುರುತಿಸಿ ಬಾಯಿಬಿಟ್ಟು ಹೇಳುವವಳು ಮನೆಯ ಕೆಲಸದವಳು. ನಗೆ ಕಪಟಿಯ ಮೇಲೆ, ಮರುಳಾದ ಯಜಮಾನನ ಮೇಲೆ. ಹೀಗಾಗಿಯೇ 1664ರಲ್ಲಿ ನಾಟಕಕ್ಕೆ ನಿಷೇಧ ಬಿತ್ತು. ಅದು ತೆರವಾಗಲು 1669 ಬರಬೇಕಾಯಿತು. ಯಾರನ್ನು ನೋಡಿ ನಗಬೇಕು ಎಂಬುದು ಅರಸರನ್ನೂ ಕಾಡಿದ ಪ್ರಶ್ನೆ.

ಈಗ ನಮ್ಮ ಹಾಸ್ಯ ಧಾರಾವಾಹಿಗಳನ್ನೂ ಚಿತ್ರಗಳನ್ನೂ ನೆನೆಸಿಕೊಳ್ಳಿ. ಯಜಮಾನರ ಮಾತು ಪುಸ್ತಕದ ಕನ್ನಡ. ಆಳು, ಅಡುಗೆಯವ, ಪೆದ್ದ ಸೋದರಮಾವ, ಇಂಥವರ ಬಾಯಲ್ಲಿ ಎಷ್ಟು ಸಲ "ಯಾಕ್ಲಾ", "ಏನ್ಲಾ", "ಬಾರ್ಲಾ" ಕೇಳಿದ್ದೀರಿ? ಮಂಡ್ಯ ಸೀಮೆಯ ಮಾತು ಬಂತೆಂದರೆ ನಗಬೇಕೆಂಬ ಸೂಚನೆಯೇ ಆಗಿಬಿಟ್ಟಿತ್ತು. ಇದು ಸಣ್ಣ ವಿಷಯವಲ್ಲ. ಮನೆಯಲ್ಲಿ ತಾಯಿ ಆಡುವ ಮಾತನ್ನು ಪರದೆ ಪೆದ್ದನಿಗೆ ಕೊಟ್ಟರೆ, ಅದೇ ಮಾತಾಡುವ ಹುಡುಗಿ ಕಾಲೇಜಿಗೆ ಸೇರಿದ ದಿನ ಬಾಯಿ ತೆರೆಯಲು ಹಿಂಜರಿಯುತ್ತಾಳೆ. ಪಾಠ ಚೆನ್ನಾಗಿ ಗೊತ್ತಿದ್ದರೂ ಕೈ ಎತ್ತುವುದಿಲ್ಲ.

ಆದರೆ ಕಾಲ ಒಂದೇ ಕಡೆ ನಿಲ್ಲುವುದಿಲ್ಲ. ನಾಗಮಂಗಲದಲ್ಲಿ ಹುಟ್ಟಿದ ಮಂಡ್ಯ ರಮೇಶ್ ನೀನಾಸಂನಲ್ಲಿ ರಂಗಶಿಕ್ಷಣ ಪಡೆದು, ಮೈಸೂರಿನಲ್ಲಿ 'ನಟನ' ತಂಡವನ್ನು ಕಟ್ಟಿದರು. 2015ರಲ್ಲಿ ಶುರುವಾದ 'ಮಜಾ ಟಾಕೀಸ್' ಅವರ ಹಾಸ್ಯವನ್ನು ಮನೆಮನೆಗೆ ಮುಟ್ಟಿಸಿತು. 2016ರಲ್ಲಿ ಆರಂಭವಾದ 'ಕಾಮಿಡಿ ಕಿಲಾಡಿಗಳು' ಶಿವರಾಜ್ ಕೆ.ಆರ್. ಪೇಟೆ ಎಂಬ ನಟನಿಗೆ ಹೆಸರು ತಂದಿತು. ಈ ಇಬ್ಬರ ಹೆಸರನ್ನೇ ಗಮನಿಸಿ. ಇಬ್ಬರೂ ತಮ್ಮ ಸೀಮೆಯನ್ನು ಹೆಸರಿನ ಜೊತೆಗೇ ಹೊತ್ತಿದ್ದಾರೆ. ಹಿಂದೆ ಬೇರೆಯವರು ಈ ಮಾತನ್ನು ಅನುಕರಿಸಿ ನಗಿಸುತ್ತಿದ್ದರು. ಈಗ ಮಾತಿನ ಒಡೆಯರೇ ನಗಿಸುತ್ತಿದ್ದಾರೆ. ತನ್ನ ಊರಿನ ಮಾತಿನಲ್ಲಿ ತಾನೇ ನಗಿಸುವವನು ಬೇರೆ, ಆ ಮಾತಿಗಾಗಿ ನಗೆಪಾಟಲಾಗುವವನು ಬೇರೆ. ಈ ವ್ಯತ್ಯಾಸವನ್ನು ನಿಮ್ಮ ಕಿವಿ ಹಿಡಿಯಬೇಕು.

ನಿಮಗೆ ಎರಡು ಕೆಲಸ ಹೇಳಿ ಮುಗಿಸುತ್ತೇನೆ. ಒಂದು, ಬಿಡುವಿನ ದಿನ ದರಿಯಾ ದೌಲತ್‌ಗೆ ಹೋಗಿ ಪಶ್ಚಿಮದ ಗೋಡೆಯ ಮುಂದೆ ಅರ್ಧ ಗಂಟೆ ನಿಲ್ಲಿ. ಟಿ.ವಿ. ನೋಡುವ ಕಣ್ಣಿನಿಂದಲೇ ನೋಡಿ: ಯಾರು ದೊಡ್ಡದಾಗಿದ್ದಾರೆ, ಯಾರನ್ನು ಹಂಗಿಸಿದ್ದಾರೆ, ಯಾರಿಗೆ ಮುಖವೇ ಇಲ್ಲ? ಎರಡು, ಮನೆಯ ಹಿರಿಯರನ್ನು ಕೇಳಿ: 'ಮಹಾಭಾರತ'ವನ್ನು ಯಾರ ಮನೆಯಲ್ಲಿ ನೋಡಿದರು, ಒಳಗೆ ಕೂತವರು ಯಾರು, ಬಾಗಿಲಾಚೆ ನಿಂತು ನೋಡಿದವರು ಯಾರು? ಅವರು ಹೇಳಿದ್ದನ್ನು ತಾರೀಖು ಹಾಕಿ, ಅವರು ಆಡಿದ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. "ಅಯ್ಯೋ, ಆಚೆ ಜಗಲಿ ತಾವ ನಿಂತ್ಕಂಡು ನೋಡ್ತಿದ್ದೋ ಕಣ್ ಮಗಾ" ಎಂದು ನಿಮ್ಮ ಅಜ್ಜಿ ಹೇಳಿದರೆ, ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಇತಿಹಾಸದ ಒಂದು ಸಾಲು ಅಂದು ನಿಮ್ಮ ನೋಟ್ ಪುಸ್ತಕದಲ್ಲಿರುತ್ತದೆ.