ವಾಡೆಯೊಳಗಿನ ಬಿಡಾರ, ಯಂತ್ರದೊಳಗಿನ ಯಂತ್ರ

ಪುಣೆಯ ಪೇಠೆಗಳ ಹಳೆಯ ವಾಡೆಗಳಲ್ಲಿ ಎರಡು ಕೋಣೆ ಹಿಡಿದು ಸಂಸಾರ ಹೂಡಿದ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ವಾಡೆ ಒಂದೇ, ಬಿಡಾರಗಳು ಹತ್ತು. ಆದರೂ ಪ್ರತಿಯೊಂದು ಮನೆಗೂ ತನ್ನದೇ ಬಾಗಿಲು, ತನ್ನದೇ ಒಲೆ. ಗಣಕಯಂತ್ರದ ಚರಿತ್ರೆಯಲ್ಲಿಯೂ ಇಂಥದೇ ಒಂದು ವ್ಯವಸ್ಥೆ ಬೆಳೆದುಬಂದಿದೆ. ಒಂದು ಯಂತ್ರದೊಳಗೆ ಹಲವು ಯಂತ್ರಗಳನ್ನು ಹೂಡುವ ಇದಕ್ಕೆ ವರ್ಚುವಲ್ ಮಷೀನ್ ಎಂದು ಹೆಸರು.

1956ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಡಿಸ್ಕ್ ಘಟಕದಲ್ಲಿ 50 ತಟ್ಟೆಗಳಿದ್ದವು. ಅದು ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ ಮಾತ್ರ. ಅಷ್ಟು ದುಬಾರಿಯ ಜಾಗವನ್ನು ಹಂಚಿಕೊಳ್ಳದೆ ಗತಿಯಿರಲಿಲ್ಲ. ಅದೇ ಕಂಪನಿ 1972ರಲ್ಲಿ ಪ್ರಕಟಿಸಿದ ವಿಎಂ/370 ವ್ಯವಸ್ಥೆಯಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ 'ಮಿನಿಡಿಸ್ಕ್' ಎಂಬ ಪುಟ್ಟ ಪಾಲು ದೊರೆಯುತ್ತಿತ್ತು.

ನಮ್ಮ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಸ್ಥಾಪನೆಯಾದುದು 1988ರಲ್ಲಿ. ವಿಜಯ ಭಟ್ಕರ್ ಅವರ ನೇತೃತ್ವದಲ್ಲಿ ಅಲ್ಲಿ 'ಪರಮ್ 8000' ಮಹಾಗಣಕ ಸಿದ್ಧವಾದುದು 1991ರಲ್ಲಿ. ಅದೇ ವರ್ಷ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಜಗತ್ತಿನ ಮುಂದಿಟ್ಟನು. ಭಾರತೀಯ ಲಿಪಿಗಳ 'ಇಸ್ಕಿ' ಸಂಕೇತ ರಾಷ್ಟ್ರೀಯ ಮಾನಕವಾದುದೂ ಆಗಲೇ. 2007ರಲ್ಲಿ ಕೆವಿಎಂ ಸೇರಿದ ಮೇಲೆ ಲಿನಕ್ಸ್ ತಾನೇ ಒಂದು ವಾಡೆಯಾಯಿತು.

ಇಷ್ಟೆಲ್ಲ ಹೇಳಲು ಕಾರಣವುಂಟು. ಹಳೆಯ ಸಂಚಿಕೆಗಳ ಬರಹವನ್ನು ನಾವು ಇಂಥದೊಂದು ಲಿನಕ್ಸ್ ಬಿಡಾರದಲ್ಲಿ ಕೂಡಿಟ್ಟಿದ್ದೆವು. ಒಂದು ದಿನ ಯಂತ್ರ 'ಜಾಗವಿಲ್ಲ' ಎಂದಿತು. ಹಳೆಯದನ್ನು ಅಳಿಸಿಬಿಡೋಣವೆಂಬ ಸಲಹೆಯೂ ಬಂತು. ಪುಣ್ಯಕ್ಕೆ, ನಮ್ಮ ಹುಡುಗರು ಮೊದಲು ಲೆಕ್ಕ ನೋಡಿದರು. ಒಟ್ಟು ಜಾಗವೆಷ್ಟು ತುಂಬಿದೆಯೆಂದು 'ಡಿಎಫ್' ಆದೇಶ ಹೇಳುತ್ತದೆ. ತಿಂದವರು ಯಾರೆಂದು 'ಡಿಯು' ತೋರಿಸುತ್ತದೆ. ನೋಡಿದರೆ, ಯಂತ್ರವು ತನ್ನ ದಿನಚರಿಯನ್ನು ತಾನೇ ಬರೆದಿಟ್ಟ ಲಾಗ್ ಕಡತಗಳೂ ಬಳಕೆಯಿಲ್ಲದ ಹಳೆಯ ಕರ್ನಲ್‌ಗಳೂ ಮನೆ ತುಂಬಿದ್ದವು! ಇಸ್ಕಿಯಲ್ಲಿ ಕನ್ನಡದ ಒಂದು ಸಂಕೇತಕ್ಕೆ 1 ಬೈಟ್ ಸಾಕಾಗಿತ್ತು, ಇಂದಿನ ಯುಟಿಎಫ್-8ರಲ್ಲಿ 3 ಬೇಕು, ನಿಜ. ಆದರೂ 2,000 ಸಂಕೇತಗಳ ಪುಟಕ್ಕೆ 6,000 ಬೈಟ್ ಆದೀತು, ಅಷ್ಟೇ. ಕನ್ನಡ ಯಾರ ಜಾಗವನ್ನೂ ಕಸಿದಿರಲಿಲ್ಲ.

ಕಸ ತೆಗೆದ ಮೇಲೂ ಹೊರಗಿನ ಯಂತ್ರದಲ್ಲಿ ಜಾಗ ಕಾಣಲಿಲ್ಲ. ಕೋಣೆ ಖಾಲಿ ಮಾಡಿದರೆ ಸಾಲದು, ಕೀಲಿಕೈಯನ್ನು ವಾಡೆಯ ಮಾಲೀಕರಿಗೆ ಒಪ್ಪಿಸಬೇಕಲ್ಲವೆ? ಒಳಗೆ ಅಳಿಸಿದ ಜಾಗ ತಾನಾಗಿ ಹೊರಗೆ ಮರಳುವುದಿಲ್ಲ. ಹೊರಗಿನ ವ್ಯವಸ್ಥೆ ಒಪ್ಪುವಂತಿದ್ದರೆ 'ಎಫ್‌ಎಸ್‌ಟ್ರಿಮ್' ಆದೇಶ ಆ ಕೀಲಿಕೈ ಒಪ್ಪಿಸುವ ಕೆಲಸ ಮಾಡುತ್ತದೆ. ಹಿಂದಿನ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್‌ಗಳಿದ್ದರೆ ಅವನ್ನೂ ನೋಡಬೇಕು.

ಊರು ಬಿಟ್ಟು ಬಂದ ನಮಗೆ ಟ್ರಂಕು ತುಂಬಿದಾಗ ಮೊದಲು ಬೇಡವೆನಿಸುವುದು ಹಳೆಯ ಕಾಗದಪತ್ರ. ಇನ್ನು ಮುಂದೆ ಏನನ್ನಾದರೂ ಅಳಿಸುವ ಮುನ್ನ, ಜಾಗವನ್ನು ನಿಜವಾಗಿ ತುಂಬಿರುವುದೇನು ಎಂದು ನೋಡೋಣ. ಆ ಸಂಚಿಕೆಗಳು ಉಳಿದಿವೆ; ಬೇರೊಂದು ಡಿಸ್ಕಿನಲ್ಲಿ ಅವುಗಳ ಇನ್ನೊಂದು ಪ್ರತಿಯನ್ನೂ ಈಗ ಇರಿಸಿದ್ದೇವೆ.