ಟರ್ಟಲ್ ಚಿತ್ರಗಳಲ್ಲಿ ಲಿಸ್ಟ್ ಮತ್ತು ಲೂಪ್

ಚಿತ್ರ ಬಿಡಿಸುತ್ತಲೇ ಲಿಸ್ಟ್ ಮತ್ತು ಲೂಪ್‌ಗಳನ್ನು ಕಲಿಸುವುದು ಹೊಸಬರಿಗೆ ಪೈಥಾನ್ ಪರಿಚಯಿಸುವ ಒಂದು ಬೋಧನಾಕ್ರಮ. ಇದರ ಬೇರು ಲೋಗೊ ಭಾಷೆಯಲ್ಲಿದೆ. ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲಮನ್ ಮತ್ತು ಸಂಗಡಿಗರು 1967ರಲ್ಲಿ ಅಮೆರಿಕದಲ್ಲಿ ಮಕ್ಕಳಿಗಾಗಿ ಅದನ್ನು ರೂಪಿಸಿದರು. ಮುಂದೆ ಅದಕ್ಕೆ ಸೇರಿದ, ಗೆರೆ ಎಳೆಯುತ್ತ ಸಾಗುವ ಆಮೆಯೇ ಪೈಥಾನ್‌ನ ಟರ್ಟಲ್ ಮಾಡ್ಯೂಲ್‌ನಲ್ಲಿದೆ.

ಚೌಕಕ್ಕೆ ಲೂಪ್ ಒಂದೇ ಸಾಕು: 100 ಹೆಜ್ಜೆ ನಡೆ, 90 ಡಿಗ್ರಿ ತಿರುಗು, ಹೀಗೆ 4 ಸಲ. ಪ್ರತಿ ಸುತ್ತಿನಲ್ಲೂ ಏನಾದರೂ ಬದಲಾಗಬೇಕಾದಾಗಲೇ ಲಿಸ್ಟ್ ಬೇಕಾಗುತ್ತದೆ. ಆ ಅಗತ್ಯ ಕಾಣುವ ಮೊದಲೇ ಲಿಸ್ಟ್ ಕಲಿಸಿದರೆ ಅದು ಬರೀ ವ್ಯಾಕರಣವಾಗಿ ಉಳಿಯುತ್ತದೆ.

ಇಂಥ ಪಾಠಕ್ಕೆ ಬೇಕಾದ ಅತ್ಯುತ್ತಮ ಉದಾಹರಣೆ ಮನೆ ಬಾಗಿಲಲ್ಲೇ ಸಿಗುತ್ತದೆ: ಚುಕ್ಕಿ ರಂಗೋಲಿ. ‘7 ಚುಕ್ಕಿ, 4ರವರೆಗೆ ಸಂದು ಚುಕ್ಕಿ’ ಎಂದರೆ ನಡುಸಾಲಿನಲ್ಲಿ 7, ಎರಡೂ ಬದಿಗೆ ಒಂದೊಂದೇ ಕಡಿಮೆಯಾಗುತ್ತ ಕೊನೆಗೆ 4. ಪೈಥಾನ್‌ನಲ್ಲಿ ಅದು [4, 5, 6, 7, 6, 5, 4] ಎಂಬ ಲಿಸ್ಟ್. ಹೊರಗಿನ ಲೂಪ್ ಒಂದೊಂದೇ ಸಂಖ್ಯೆಯನ್ನು ಎತ್ತಿಕೊಳ್ಳುತ್ತದೆ. ಒಳಗಿನ ಲೂಪ್ ಅಷ್ಟು ಚುಕ್ಕಿ ಇಡುತ್ತದೆ. ಚುಕ್ಕಿಗಳ ನಡುವಿನ ಅಂತರ 40 ಇದ್ದರೆ 4 ಚುಕ್ಕಿಯ ಸಾಲು ನಡುಗೆರೆಯಿಂದ 60 ಎಡಕ್ಕೆ, 7ರ ಸಾಲು 120 ಎಡಕ್ಕೆ ಆರಂಭವಾಗಬೇಕು. ಒಟ್ಟು 37 ಚುಕ್ಕಿಗಳ ಷಟ್ಕೋನ ಮೂಡುತ್ತದೆ. ಲಿಸ್ಟನ್ನು [1, 2, 3, 4, 3, 2, 1] ಎಂದು ತಿದ್ದಿದರೆ ಸಾಕು, ಕೋಡಿನ ಬೇರೆ ಯಾವ ಸಾಲನ್ನೂ ಮುಟ್ಟದೆ ವಜ್ರಾಕೃತಿ ಬರುತ್ತದೆ. ಲಿಸ್ಟ್ ಎಂದರೇನೆಂದು ವಿದ್ಯಾರ್ಥಿಗೆ ನಿಜವಾಗಿ ಹೊಳೆಯುವ ಕ್ಷಣ ಇದು.

ತಪ್ಪುಗಳೂ ಕಣ್ಣಿಗೆ ಕಾಣುವುದೇ ಈ ಕ್ರಮದ ದೊಡ್ಡ ಗುಣ. ಪೆನ್ ಎತ್ತಲು ಮರೆತರೆ ಚುಕ್ಕಿಗಳ ನಡುವೆ ಗೆರೆ ಬೀಳುತ್ತದೆ. ಕೆಳಗಿನ ಸಾಲಿಗೆ ಇಳಿಸುವ ಆದೇಶ ಇಂಡೆಂಟ್ ತಪ್ಪಿ ಒಳ ಲೂಪಿಗೆ ಸೇರಿದರೆ ಸಾಲೇ ಓರೆಯಾಗುತ್ತದೆ. ರೇಂಜ್ 7 ಎಂದಾಗ ಎಣಿಕೆ 0ಯಿಂದ ಶುರುವಾಗಿ 6ಕ್ಕೆ ನಿಲ್ಲುವುದನ್ನು ಮಾತ್ರ ಬಿಡಿಸಿ ಹೇಳಲೇಬೇಕು.

ರಂಗೋಲಿ ಮತ್ತು ಕಂಪ್ಯೂಟರಿನ ನಂಟು ಹೊಸದೇನಲ್ಲ. ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ ತಮಿಳುನಾಡಿನ ಕೋಲಂ ವಿನ್ಯಾಸಗಳನ್ನು ‘ಅರೇ ವ್ಯಾಕರಣ’ದ (ಸಾಲು-ಕಂಬಗಳ ಜಾಲದಲ್ಲಿ ವಿನ್ಯಾಸ ಬೆಳೆಸುವ ನಿಯಮಗಳ) ಮೂಲಕ ವಿವರಿಸಿದ ಪ್ರಬಂಧ 1974ರಲ್ಲೇ ಪ್ರಕಟವಾಯಿತು.

ವಿಂಡೋಸ್‌ನಲ್ಲಿ ಪೈಥಾನ್ ಜೊತೆಗೇ ಟರ್ಟಲ್ ಬರುತ್ತದೆ. ಉಬುಂಟು ಇರುವ ಶಾಲಾ ಲ್ಯಾಬ್‌ಗಳಲ್ಲಿ ಟರ್ಟಲ್‌ಗೆ ಬೇಕಾದ ಟಿಕಿಂಟರ್ ಪ್ಯಾಕೇಜನ್ನು ಸಾಮಾನ್ಯವಾಗಿ ಪ್ರತ್ಯೇಕವಾಗಿ ಹಾಕಿಕೊಳ್ಳಬೇಕಾಗುವುದರಿಂದ, ಶಿಕ್ಷಕರು ಪಾಠದ ಹಿಂದಿನ ದಿನವೇ ಅದನ್ನು ನೋಡಿಕೊಳ್ಳುವುದು ಒಳ್ಳೆಯದು.