ಶಾಯಿ ಮತ್ತು ಬೆಳಕು: ಕಲಾಕೃತಿಗಳ ಇಂಕ್‌ಜೆಟ್ ಪ್ರತಿಗಳನ್ನು ಕುರಿತು

ಕಲಾಕೃತಿಯ ಇಂಕ್‌ಜೆಟ್ ಪ್ರತಿ ಎಷ್ಟು ಚೆನ್ನಾಗಿದೆ ಎಂಬುದನ್ನು ಅಂಗುಲಕ್ಕೆ ಎಷ್ಟು ಚುಕ್ಕೆ ಎಂಬ ಲೆಕ್ಕದಲ್ಲಿ ಅಳೆಯುವುದು ರೂಢಿ. ಈ ತಂತ್ರದ ಚರಿತ್ರೆಯನ್ನು ನೋಡಿದರೆ ಆ ಅಳತೆ ಸಾಲದು. ಚುಕ್ಕೆಯ ತೊಡಕು ಬಹುಮಟ್ಟಿಗೆ ಆರಂಭದ ಯಂತ್ರಗಳಲ್ಲೇ ನೀಗಿತ್ತು. ನೀಗದೆ ಉಳಿದದ್ದು ಶಾಯಿಗೂ ಬೆಳಕಿಗೂ ಇರುವ ಜಗಳ.

ಐರಿಸ್ 3047 ಎಂಬ ಇಂಕ್‌ಜೆಟ್ ಯಂತ್ರ ಹುಟ್ಟಿದ್ದು ಕಲೆಗಾಗಿ ಅಲ್ಲ, ಅಚ್ಚಿಗೆ ಹೋಗುವ ಮುಂಚೆ ಬಣ್ಣದ ಪ್ರೂಫ್ ತೆಗೆಯಲಿಕ್ಕೆ. ಉರುಳೆಗೆ ಸುತ್ತಿದ ಕಾಗದ ವೇಗವಾಗಿ ತಿರುಗುತ್ತಿದ್ದರೆ, ನಾಲ್ಕು ಗಾಜಿನ ಮೂತಿಗಳಿಂದ ಶಾಯಿ ಎಡೆಬಿಡದೆ ಚಿಮ್ಮುತ್ತಿತ್ತು, ಒಂದೊಂದರಿಂದ ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಹನಿ. ಬೇಡದ ಹನಿಗೆ ವಿದ್ಯುದಾವೇಶ ಕೊಟ್ಟು ಪಕ್ಕಕ್ಕೆ ಸರಿಸುತ್ತಿದ್ದರು. ಉಳಿದದ್ದು ಕಾಗದ ಸೇರುತ್ತಿತ್ತು. ಗಾಯಕ ಗ್ರಹಾಂ ನ್ಯಾಶ್ 1,26,000 ಡಾಲರ್ ತೆತ್ತು ಇದನ್ನು ಕೊಂಡರು. ಮ್ಯಾಕ್ ಹೋಲ್ಬರ್ಟ್ ಎಂಬುವರೊಂದಿಗೆ 1991ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹ್ಯಾಟನ್ ಬೀಚ್‌ನಲ್ಲಿ ನ್ಯಾಶ್ ಎಡಿಷನ್ಸ್ ಎಂಬ ಅಚ್ಚುಮನೆ ತೆರೆದರು. ದಪ್ಪ ಜಲವರ್ಣ ಕಾಗದ ಹಿಡಿಸಲೆಂದು ಯಂತ್ರವನ್ನೇ ಗರಗಸದಿಂದ ಕೊಯ್ದರು. ವಾರಂಟಿ ಅಲ್ಲಿಗೆ ಮುಗಿಯಿತು. ಅಲ್ಲೇ ಕೆಲಸಕ್ಕಿದ್ದ ಜ್ಯಾಕ್ ಡುಗಾನ್ ಇಂಥ ಪ್ರತಿಗೆ 'ಜಿಕ್ಲೇ' ಎಂಬ ಹೆಸರು ಕಟ್ಟಿದ್ದು, ಕಂಪ್ಯೂಟರ್ ಪ್ರತಿ ಎಂದರೆ ಮೂಗು ಮುರಿಯುವವರ ಬಾಯಿ ಮುಚ್ಚಿಸಲು. ಫ್ರೆಂಚರ ಆಡುಮಾತಿನಲ್ಲಿ ಆ ಪದಕ್ಕೆ ಪೋಲಿ ಅರ್ಥವೂ ಉಂಟು. ಪ್ರತಿಗೆ ಗೌರವದ ಹೆಸರು ಹುಡುಕುವುದು ಹೊಸತೇನಲ್ಲ: 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದ ರವಿವರ್ಮನ ಕಲ್ಲಚ್ಚಿನ ಚಿತ್ರಗಳಿಗೂ ತೈಲವರ್ಣವನ್ನು ನೆನಪಿಸುವ 'ಓಲಿಯೋಗ್ರಾಫ್' ಎಂಬ ಹೆಸರೇ ಇತ್ತಲ್ಲ.

ಪ್ರೂಫ್ ಕೆಲವು ವಾರ ಬಾಳಿದರೆ ಸಾಕು. ಅದಕ್ಕೆಂದೇ ಮಾಡಿದ ಶಾಯಿಯಲ್ಲಿ ಬಣ್ಣ, ಪಾನಕದಲ್ಲಿ ಬೆಲ್ಲದಂತೆ, ಪೂರ್ತಿ ಕರಗಿರುತ್ತಿತ್ತು. ಬಟ್ಟೆಗಾದ ಅರಿಸಿನದ ಕಲೆ ಸೋಪಿಗೆ ಜಗ್ಗದೆ ಬಿಸಿಲಿಗೆ ಹಾಕಿದರೆ ಮಾಯವಾಗುವುದನ್ನು ಎಲ್ಲರೂ ಕಂಡಿದ್ದಾರೆ: ಬೆಳಕು ಬಣ್ಣದ ಅಣುವನ್ನೇ ಮುರಿಯುತ್ತದೆ. ಗೋಡೆಗೇರಿದ ಆರಂಭದ ಐರಿಸ್ ಪ್ರತಿಗಳ ಗತಿಯೂ ಅದೇ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣ ಕರಗದು, ಸುಣ್ಣದ ನೀರಿನ ಹಾಗೆ ಕಣಕಣವಾಗಿ ತೇಲುತ್ತದೆ. ಕಣದ ಹೊರಮೈ ಸವೆದರೂ ಒಳಗಿನದು ಉಳಿಯುತ್ತದೆ. 2000ದಲ್ಲಿ ಬಂದ ಎಪ್ಸನ್‌ನ ಸ್ಟೈಲಸ್ ಫೋಟೊ 2000ಪಿ ಇಂಥ ಶಾಯಿಯನ್ನು ಮೇಜಿನ ಮೇಲಿನ ಪ್ರಿಂಟರಿಗೆ ತಂದಿತು. ಆದರೆ ಒಂದು ಹೋಗಿ ಇನ್ನೊಂದು ಬಂತು: ಬಲ್ಬಿನ ಕೆಳಗೆ ಸರಿಯಾಗಿದ್ದ ಬೂದುಬಣ್ಣ ಕಿಟಕಿಯ ಬಳಿ ಹಸಿರಿಗೆ ತಿರುಗುತ್ತಿತ್ತು. ಮುಂದಿನ ಶಾಯಿಗಳು ಇದನ್ನು ತಗ್ಗಿಸಿದವು.

ಮೈಸೂರು ಶೈಲಿಯ ಚಿತ್ರದ ಎದುರು ಮಾತ್ರ ಈ ಜಾಣ್ಮೆಯೆಲ್ಲ ತಡವರಿಸುತ್ತದೆ. ಅಲ್ಲಿ ದೇವಿಯ ಕಿರೀಟ, ಸೆರಗಿನ ಅಂಚು ಬರೀ ಬಣ್ಣವಲ್ಲ. ತೆಳುವಾಗಿ ಉಬ್ಬಿಸಿದ ಗೆಸ್ಸೊ ಎಂಬ ಲೇಪದ ಕೆಲಸದ ಮೇಲೆ ಚಿನ್ನದ ರೇಕು. ಫೋಟೊ ತೆಗೆಯುವವರು ಹೊಳಪು ಕಣ್ಣಿಗೆ ಹೊಡೆಯದಂತೆ ದೀಪಕ್ಕೂ ಲೆನ್ಸಿಗೂ ಪೋಲರೈಸರ್ ಅಡ್ಡಹಿಡಿದರೆ, ಸುತ್ತಲಿನ ಕೆಂಪು, ಹಸಿರು ಅಚ್ಚುಕಟ್ಟಾಗಿ ಬರುತ್ತವೆ, ಚಿನ್ನ ಕಪ್ಪಿಟ್ಟ ಕಂದಾಗುತ್ತದೆ. ಪೋಲರೈಸರ್ ತೆಗೆದರೆ ಹೊಳಪು ಸಿಗುತ್ತದೆ, ಒಂದೇ ಕೋನದ್ದು. ನೋಡುವವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದಾಗ ಮೂಲದ ಕಿರೀಟದಲ್ಲಿ ಮಿಂಚು ಜೊತೆಗೇ ಸರಿಯುತ್ತದೆ. ಪ್ರತಿಯಲ್ಲಿ ಅದು ಅಚ್ಚಾದ ಹಳದಿಯಾಗಿ ನಿಂತಲ್ಲೇ ನಿಂತಿರುತ್ತದೆ. ಕೆಲವರು ಪ್ರತಿ ಅಚ್ಚಾದ ಮೇಲೆ ಕಿರೀಟಕ್ಕೆ ಕೈಯಿಂದ ರೇಕು ಅಂಟಿಸುತ್ತಾರೆ. ಅದನ್ನು ಇಂಕ್‌ಜೆಟ್ ಪ್ರತಿ ಎಂದು ಕರೆಯಲು ನನಗೆ ಮನಸ್ಸಿಲ್ಲ, ಆದರೆ ಆ ಕಿರೀಟ ಮಾತ್ರ ಮಿಂಚುತ್ತದೆ.